ಬೆರಳ ತುದಿಯ ಗೀಟು

ಹೆಂಡತಿ ತೀರಿಕೊಂಡ ಮೂರನೆಯ ತಿಂಗಳಿಗೆ ಬಡಗಿ ಒಂದು ಕೋಣೆಯ ಬಾಡಿಗೆ ಮನೆಗೆ ಒಬ್ಬನೇ ಬಂದ. ಗೋಡೆಗೆ ಸುಣ್ಣ ಬಳಿದ, ಕಿಟಕಿಯ ಚಿಲಕ ಸರಿಮಾಡಿದ, ಕೊನೆಗೆ ಅಡುಗೆಕಟ್ಟೆಯ ಮೇಲೆ ಡಬ್ಬಿಗಳಿಗೊಂದು ಹಲಗೆ ಕೂರಿಸಿದ.

ಸಹಾಯಕ್ಕೆ ಬಂದಿದ್ದ ಮಗಳು ನಕ್ಕಳು. "ಊರಿಗೆಲ್ಲ ಅಳತೆ ಹೇಳೋನು ನೀನು. ಇಷ್ಟು ಕೆಳಗೆ ಹಾಕಿದ್ದೀಯಲ್ಲಪ್ಪಾ, ದಿನಾ ಹಣೆ ಚಚ್ಚಿಕೊಳ್ತೀಯಾ?"

ಬಡಗಿ ಹಲಗೆಯನ್ನೇ ನೋಡಿದ. ಮೂವತ್ತು ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ ಬದಲಿಸಿದ್ದರೂ ಅಡುಗೆಮನೆಯಲ್ಲಿ ಅವನು ಟೇಪು ಹಿಡಿದವನಲ್ಲ. ಕುಳ್ಳಿ ಹೆಂಡತಿ ತನ್ನ ತಲೆಯ ಎತ್ತರಕ್ಕಷ್ಟೇ ಗೋಡೆಗೆ ಕೈಯೆತ್ತಿ ನಿಲ್ಲುತ್ತಿದ್ದಳು, ಅವಳ ಬೆರಳ ತುದಿಗೆ ಅವನು ಗೀಟು ಹಾಕುತ್ತಿದ್ದ. ಇಂದೂ ಪೆನ್ಸಿಲು ಅಲ್ಲಿಗೇ ಹೋಗಿತ್ತು.

ಮಗಳಿಗೂ ಅದು ಹೊಳೆದು ನಗು ಬತ್ತಿತು. "ಬಿಚ್ಚಿ ಮೇಲಕ್ಕೆ ಹಾಕೋಣಪ್ಪಾ."

"ಇರಲಿ ಬಿಡು ಪುಟ್ಟೀ, ಬಗ್ಗಿ ತಗೋತೀನಿ" ಎಂದು ಅವನು ತಲೆ ತಗ್ಗಿಸಿ ಮೊದಲ ಡಬ್ಬಿಯನ್ನು ಅಲ್ಲಿಟ್ಟ.