ಮೂರನೇ ಸೆಲ್ಲು

ರಬ್ಬರ್ ಬಲ್ಬು ಹಿಂಡಿ ಬಿಟ್ಟಾಗ ಬ್ಯಾಟರಿಯ ಆಸಿಡ್ ಗಾಜಿನ ಕೊಳವೆಯೊಳಕ್ಕೆ ಏರಿತು, ಅದರೊಳಗಿನ ಸಾಂದ್ರತೆ ಅಳೆಯುವ ಕಡ್ಡಿ ಮಾತ್ರ ತೇಲದೆ ಕೆಳಗೇ ಕೂತಿತು. ಅನುಪಮಾ ಮತ್ತೊಮ್ಮೆ ನೋಡಿದಳು. ಉಳಿದ ಐದು ಸೆಲ್ಲುಗಳಲ್ಲಿ ಸಾವಿರದ ಇನ್ನೂರೈವತ್ತು ತೋರಿಸಿದ ಕಡ್ಡಿ, ಮೂರನೆಯದರಲ್ಲಿ ಸಾವಿರದ ನೂರು ದಾಟಲಿಲ್ಲ. ಎರಡು ದಿನ ನಿಧಾನವಾಗಿ ಚಾರ್ಜ್ ಮಾಡಿದ್ದಾಯಿತು, ಸ್ವಿಚ್ ಆರಿಸಿ ನಾಲ್ಕು ಗಂಟೆ ಬಿಟ್ಟಿದ್ದಾಯಿತು. ಈ ಸೆಲ್ಲು ಜಪ್ಪಯ್ಯ ಎಂದರೂ ಏಳಲಿಲ್ಲ.

ಈ ಇನ್ವರ್ಟರ್ ಬ್ಯಾಟರಿ ಅವಳ ಜೊತೆ ಗುಬ್ಬಿಯ ಬಾಡಿಗೆ ಮನೆಗೆ ಬಂದು ಐದು ವರ್ಷ. ಗಂಡನಾಗಿದ್ದ ರವೀಶನದು ಕುಣಿಗಲ್ಲಿನಲ್ಲಿ ಬ್ಯಾಟರಿ ಅಂಗಡಿ. ಕೋರ್ಟಿನಲ್ಲಿ ಸಹಿ ಹಾಕಿ ಬೇರೆಯಾದ ದಿನ ಅವನು, ಬ್ಯಾಟರಿ ನಿನ್ನ ಹತ್ತಿರವೇ ಇರಲಿ, ಮೂರು ತಿಂಗಳಿಗೊಮ್ಮೆ ನೀರು ನೋಡು, ಗೊತ್ತಾಗದಿದ್ದರೆ ಫೋನ್ ಮಾಡು ಅಂದಿದ್ದ. ಸೌಜನ್ಯಕ್ಕೆ ಆಡಿದ ಮಾತು. ಅನುಪಮಾ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ಬ್ಯಾಟರಿಗೆ ಎಷ್ಟು ನೀರು ಹಾಕಬೇಕೆಂದು ಕುಣಿಗಲ್ಲಿಗೆ ಫೋನು ಮಾಡಿ ಕೇಳಬೇಕೇ? ಬೇಕಿರಲಿಲ್ಲ. ಆದರೂ ಕೇಳುತ್ತಿದ್ದಳು. ಅವನಿಗೆ ಮಾನಸಾಳ ಜೊತೆ ಮದುವೆಯಾಯಿತು, ಮಗಳು ಹುಟ್ಟಿದಳು. ಇವರ ಮಾತು ನೀರಿನ ಮಟ್ಟ ಬಿಟ್ಟು ಆಚೀಚೆ ಸರಿಯಲಿಲ್ಲ. ಅವನು ವಾಪಸ್ ಬರಲಿ ಎಂಬ ಆಸೆಯೇನೂ ಅವಳಿಗಿರಲಿಲ್ಲ. ಮೇಡಂ ಅನ್ನದೆ ಅವಳೊಡನೆ ಮಾತಾಡುವ ಜೀವ ಅದೊಂದೇ ಉಳಿದಿತ್ತು, ಅಷ್ಟೇ.

ಹೋದ ತಿಂಗಳು ಬ್ಯಾಟರಿ ಕೈಕೊಟ್ಟಿತು. ಪೇಟೆಯ ಅಂಗಡಿಯವನು, ಇದನ್ನು ಗುಜರಿಗೆ ಹಾಕಿ, ನೀರು ಹಾಕುವ ಗೋಜೇ ಇಲ್ಲದ ಹೊಸದು ಬಂದಿದೆ ಅಂದ. ನೀರಿನ ಗೋಜಿಲ್ಲದಿದ್ದರೆ ಇನ್ನು ಯಾವ ನೆಪದಲ್ಲಿ ಫೋನು ಮಾಡುವುದು? ಹಳೆಯದನ್ನೇ ಏಳಿಸಲು ಸಣ್ಣ ಚಾರ್ಜರ್ ತಂದಳು. ಬ್ಯಾಟರಿಯನ್ನು ಗಾಳಿಯಾಡುವ ಹಿಂದಿನ ವರಾಂಡಕ್ಕೆ ಎಳೆದುಕೊಂಡು, ಆಸಿಡ್ ಚೆಲ್ಲಿದರೆ ಇರಲಿ ಅಂತ ಅಡುಗೆ ಸೋಡಾ ಪಕ್ಕದಲ್ಲಿಟ್ಟುಕೊಂಡಳು. ಚಾರ್ಜ್ ಆಗುವಾಗ ಏಳುವ ಗ್ಯಾಸಿಗೆ ಕಿಡಿ ತಾಗಬಾರದೆಂದು ಎರಡು ದಿನ ದೇವರಿಗೂ ದೀಪ ಹಚ್ಚಲಿಲ್ಲ.

ಈಗ ರವೀಶನಿಗೆ ಫೋನು ಮಾಡಿ "ನಾನು" ಅಂದಳು. ರೀ ಅನ್ನುವ ಹಾಗಿರಲಿಲ್ಲ, ಹೆಸರು ಹಿಡಿದು ಕರೆದು ರೂಢಿಯಿರಲಿಲ್ಲ.

ಅವನು ಒಂದೊಂದಾಗಿ ವಿಚಾರಿಸಿದ. ಡಿಸ್ಟಿಲ್ಡ್ ವಾಟರ್ ತಾನೇ, ಆಸಿಡ್ ಹಾಕಲಿಲ್ಲವಲ್ಲ, ಎಷ್ಟು ಆಂಪಿಯರಿನಲ್ಲಿ ಇಟ್ಟೆ, ಬ್ಯಾಟರಿ ಬಿಸಿಯಾಯಿತೇ. ಎಲ್ಲದಕ್ಕೂ ಸರಿಯುತ್ತರ ಬಂದಾಗ ನಕ್ಕ. ಅವನ ನಗು ಕೇಳಿ ಅವಳಿಗೆ ಎಷ್ಟು ದಿನವಾಗಿತ್ತೋ.

"ರೀಡಿಂಗ್ ಎಷ್ಟ್ ಬಂತು?"

ನಿಜ ಹೇಳಿದರೆ ಇವನೂ ಗುಜರಿಗೆ ಹಾಕು ಅನ್ನುತ್ತಾನೆ.

"ಆರೂ ಒಂದೇ ಸಮ ಬಂದಿದೆ," ಅಂದಳು. "ಸಾವಿರದ ಇನ್ನೂರೈವತ್ತು."

"ಮೂರನೇದೂವಾ? ಅದು ಮೊದ್ಲಿಂದ್ಲೂ ವೀಕು."

"ಹ್ಞೂಂ, ಅದೂ."

"ನಮ್ಮಂಗ್ಡೀಲೇ ಇಂಥವು ಏಳಲ್ಲ. ಪೂರ್ತಿ ಕಲ್ತ್‌ಬುಟ್ಟೆ ಕಣೇ ನೀನು. ಇನ್ಮೇಲೆ ನನ್ನ ಕೇಳೋದೇ ಬ್ಯಾಡ." ದನಿ ತಗ್ಗಿಸಿದ. "ಮಾನಸಾನೂ ಅಂತಿದ್ಲು, ಇನ್ನೆಷ್ಟ್ ವರ್ಷ ಆ ಬ್ಯಾಟ್ರಿ ವಿಷ್ಯ ಅಂತ. ಒಳ್ಳೇದೇ ಆಯ್ತು ಬುಡು."

ಸುಳ್ಳು ಹೇಳಿದೆ, ಮೂರನೆಯದು ಸತ್ತಿದೆ, ಏನು ಮಾಡಲಿ ಎಂದು ಕೇಳಿಬಿಡಬೇಕೆಂದು ಅವಳ ಬಾಯಿಗೆ ಬಂತು. ಅಷ್ಟರಲ್ಲಿ ಅವನ ಹಿಂದೆ ಮಗು ಅಪ್ಪಾ ಅಂತ ಕರೆಯಿತು. ಬಂದೆ ಪುಟ್ಟಾ ಅಂದ. ಆ ದನಿಯನ್ನು ಅವಳು ಎಂದೂ ಕೇಳಿರಲಿಲ್ಲ.

"ಇಡ್ಲಾ ಹಂಗಾದ್ರೆ?"

"ಇಡಿ."

ಆಸಿಡ್ ಮೆತ್ತಿದ ಕೈಗವಸನ್ನು ತೆಗೆಯದೆಯೇ ಫೋನು ಹಿಡಿದಿದ್ದಳೆಂದು ಆಮೇಲೆ ಕಂಡಿತು. ಗೊತ್ತಾಗಿದ್ದರೆ ಅವನು ಬೈಯುತ್ತಿದ್ದ. ಗವಸು ಕಳಚಿ, ಕೈ ತೊಳೆದು, ಒದ್ದೆ ಬಟ್ಟೆ ತಂದು ಮೆಟ್ಟಿಲ ಮೇಲೆ ಕೂತಳು. ಫೋನಿನ ಕಪ್ಪಾದ ಪರದೆಯನ್ನು ಒರೆಸಿದಳು, ಕಲೆ ಹೋದ ಮೇಲೂ ಒರೆಸುತ್ತಲೇ ಇದ್ದಳು.