ಎಡ ಹಿಂಬದಿ, ಮೂರೂವರೆ ಸೆಂಟಿಮೀಟರ್

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ ಹೇಳಿ? "ದೇಶಪಾಂಡೆ ನಗರದ ಹಿಂದಿನ ಓಣಿಯಲ್ಲಿ ಸೂರ್ಯ ಮೂಡುತ್ತಿದ್ದ" ಎಂದು ಬರೆದು ಹೊಡೆದುಹಾಕಿದೆ. ಸೂರ್ಯನಿಗೂ ಕಾರಿನ ಸಸ್ಪೆನ್ಷನ್ನಿಗೂ ಏನು ಸಂಬಂಧ? ಕಾರಿನಿಂದಲೇ ಆಗಲಿ. ಬಿಳಿ ಕಾರು, ಹಿಂದಿನ ಎಡಗಡೆ ಕುಸಿದಿದೆ. ಕೆಲಗೇರಿಯ ದಾಕ್ಷಾಯಿಣಿ ಟೀಚರ್ ಈ ವರ್ಷ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಮೆಕ್ಯಾನಿಕ್ ಫಕೀರೇಶನ ಶೆಡ್ಡಿಗೆ ಅದು ಬಂದಿರುವುದು ಮೂರನೇ ಸಲ.

"ಅಣ್ಣಾರ, ಸ್ಪ್ರಿಂಗ್ ಎರಡೂ ಹೊಸಾವು ಹಾಕಿದ್ರಿ. ಆದ್ರೂ ಎಡಕ್ಕ ಕುಂತೈತಿ ನೋಡ್ರಿ. ಹಿಂದ ನಮ್ಮ ಓಣಿ ಕೂಸುಗೋಳನ್ನ ಕೂಡಿಸ್ಕೊಂಡು ಸಾಲಿಗೆ ಹೋಗತೇನ್ರಿ. ಅಂಜಿಕಿ ಬರತೈತಿ."

"ಅಂಜಬ್ಯಾಡ್ರಿ ಟೀಚರ್. ಸಂಜೀತನಕ ಬಿಟ್ಟು ಹೋಗ್ರಿ."

೨

ಇಲ್ಲೊಂದು ಡ್ರಾಫ್ಟ್ ಇತ್ತು. ಅದರಲ್ಲಿ ಟೀಚರ್‌ರ ದಪ್ಪನೆಯ ಗಂಡ ಸತ್ತಿದ್ದ, ಅವನು ಕೂಡುತ್ತಿದ್ದ ಬದಿಗೇ ಕಾರು ಇನ್ನೂ ವಾಲುತ್ತಿತ್ತು. ನೀವು ಅಳುತ್ತಿದ್ದಿರಿ, ನನಗೊಂದು ಪ್ರಶಸ್ತಿಯೂ ಬರುತ್ತಿತ್ತೇನೋ. ಫಕೀರೇಶ ಓದಿ ಒಂದೇ ಮಾತು ಅಂದ: "ಸತ್ತಾವ್ರ ಭಾರಕ್ಕ ಗಾಡಿ ಕುಗ್ಗೂದಿಲ್ರಿ ಸರ."

ಹರಿದೆ. ಗಂಡ ಬದುಕಿದ್ದಾನೆ, ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಸೂಪರ್‌ವೈಸರ್, ಕಡ್ಡಿಯಂತಿದ್ದಾನೆ. ಕಥೆಗೆ ಅವನಿಂದ ಏನೂ ಉಪಯೋಗವಿಲ್ಲ.

೩

ಫಕೀರೇಶ ಮೊದಲು ತನ್ನನ್ನೇ ಬೈದುಕೊಂಡ. ಎರಡು ಸಲವೂ ಅಳತೆ ತೆಗೆದದ್ದು ಶೆಡ್ಡಿನೊಳಗೆ. ಗಾಡಿ ತೊಳೆದ ನೀರು ಹರಿದುಹೋಗಲೆಂದು ಅಲ್ಲಿನ ನೆಲವನ್ನು ತಾನೇ ಇಳಿಜಾರು ಮಾಡಿಸಿದ್ದ! "ಮಂದಿಗೆ ಶಾಣ್ಯಾತನ ಹೇಳೂದು, ಮಾಡೂದು ಇಂಥಾದ್ದು."

ಕಾರನ್ನು ಸಮನಾದ ರಸ್ತೆಗೆ ತಂದ. ನಾಲ್ಕೂ ಟೈರುಗಳ ಗಾಳಿ ಸರಿಮಾಡಿದ. ಗಾಲಿಯ ನಡುವಿನಿಂದ ಅದರ ಮೇಲಿನ ಕಮಾನಿನವರೆಗೆ ಟೇಪ್ ಹಿಡಿದ. ಬಲಗಡೆ ಮೂವತ್ತೆಂಟು, ಎಡಗಡೆ ಮೂವತ್ತನಾಲ್ಕೂವರೆ. ಆಮೇಲೆ ಎಡದ ಸ್ಪ್ರಿಂಗ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ. ದೋಷ ಸ್ಪ್ರಿಂಗಿನದಾಗಿದ್ದರೆ ಈಗ ಬಲಗಡೆ ಕುಸಿಯಬೇಕಿತ್ತು. ಎಡಗಡೆಯೇ ಕುಸಿಯಿತು. ಅಂದರೆ ಸ್ಪ್ರಿಂಗಿನ ತಪ್ಪಿಲ್ಲ, ಅದು ಆನಿಕೊಳ್ಳುವ ಬಾಡಿಯ ತಗಡೇ ಒಳಕ್ಕೆ ಹೋಗುತ್ತಿದೆ.

(ಬೋರ್ ಆಯಿತೇ? ತಡೆದುಕೊಳ್ಳಿ. ಇವತ್ತು ಅವನಿಗೆ ಖುಷಿ ಸಿಕ್ಕಿದ್ದು ಇಷ್ಟೇ. ಇನ್ನು ಮುಂದೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.)

೪

ಜಾಕ್ ಹಚ್ಚಿ, ಕೆಳಗೆ ಮಲಗಿ, ಸ್ಪ್ರಿಂಗ್ ಕೂಡುವ ಜಾಗದ ಕರಿ ಬಣ್ಣ ಕೆರೆದ. ಹಳೆಯ ವೆಲ್ಡಿಂಗ್, ಬಿರುಕು ಬಿಟ್ಟಿದೆ. ಅಕ್ಷರ ಕಲಿಯುವ ಕೂಸು ಎಳೆದ ಗೆರೆಯ ಹಾಗೆ ಅತ್ತಿತ್ತ ಅಲೆದಿದೆ, ಅರ್ಧ ಕಡೆ ತಗಡಿಗೆ ಹಿಡಿದೇ ಇಲ್ಲ.

"ಯಾವ ಹುಚ್ಚಖೋಡಿ ಮಾಡ್ಯಾನಲೇ ಇದನ್ನ! ಇಂಥಾವ್ರ ಕೈ ಕಡೀಬೇಕು!"

ಇನ್ನಷ್ಟು ಕೆರೆದ. ಬಿಳಿ ಬಣ್ಣದ ಮೂರು ಅಡ್ಡ ಗೆರೆಗಳು ಕಂಡವು, ಮೂರು ಬೆರಳಿನ ಗುರುತು. ಮಾಡಿದ ಪ್ರತಿ ವೆಲ್ಡಿಂಗಿಗೂ ವಿಭೂತಿ ಹಚ್ಚಿದಂತೆ ಬಣ್ಣ ಹಚ್ಚಿ, ಕೈಮುಗಿದು, ಆಮೇಲೆ ಕರಿ ಬಣ್ಣ ಹೊಡೆಯುವವನು ಹುಬ್ಬಳ್ಳಿಯಲ್ಲಿ ಒಬ್ಬನೇ. ಅವನು ಈಗ ಕಾರಿನ ಕೆಳಗೆ ಮಲಗಿದ್ದಾನೆ. ನಾಲ್ಕು ವರ್ಷದ ಹಿಂದೆ ಲಾರಿಗೆ ಗುದ್ದಿಸಿಕೊಂಡು ಬಂದಾಗ ಈ ಕಾರಿನ ಬಣ್ಣ ಕೆಂಪು, ಮಾಲೀಕ ಬೇರೆ.

೪ (ಮತ್ತೊಮ್ಮೆ)

"ಸರ, ಇದನ್ನ ಬ್ಯಾರೇವ್ರ ಕೈಲೆ ಮಾಡಸ್ರಿ. ನಿಮ್ಮ ಪೆನ್ನಿಗೇನು ತ್ರಾಸು?"

ಮಾಡಿಸಿದೆ. ಬೇರೆ ಊರಿನ ಯಾವನೋ ಎಂದು ಬರೆದೆ. ಫಕೀರೇಶ ಓದಿ ತಲೆ ಅಲ್ಲಾಡಿಸಿದ. "ಬ್ಯಾಡ್ರಿ. ಕೈ ನಂದ ಐತಿ. ಆದ್ರ ನಾ ಹಿಂಗ ಮಾಡಾವಲ್ರಿ ಸರ. ಹೆಂಗ ಮಾಡಿದೆ?"

ಇವನನ್ನು ಹುಟ್ಟಿಸಿದ ನನಗೂ ಗೊತ್ತಿರಲಿಲ್ಲ. ಅವನ ಹೆಂಡತಿಗೆ ಗೊತ್ತಿತ್ತು.

೫

ಮಧ್ಯಾಹ್ನ ಸುಮಲತಾ ಬುತ್ತಿ ತಂದಳು. ಅವನು ಕೆಳಗಿನಿಂದ ಎದ್ದಿರಲಿಲ್ಲ.

"ಸುಮಾ, ನನ್ನ ಕೈ ನಡಗತೈತೇನ?"

ಅವಳು ಡಬ್ಬಿಯ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. "ನಾಕು ವರ್ಷಾತ್ರಿ."

"ಹೇಳಬಾರದಿತ್ತ?"

"ಕೈ ಮ್ಯಾಲ ಬದಕೋರಿಗೆ ಹೆಂಗ ಹೇಳ್ಲಿರಿ? ಅರ್ಧ ಕಪ್ಪ ಚಾ ಯಾಕ ಕೊಡತೇನಿ ಅನ್ಕೊಂಡಿದ್ರಿ? ತುಂಬ ಕೊಟ್ರ ಚೆಲ್ಲತೀರಿ. ಚೆಲ್ಲಿದ್ರ ನಿಮಗ ಗೊತ್ತಾಗತೈತಿ."

ಹಾಲು ತುಟ್ಟಿಯಾಗಿದೆ, ಅದಕ್ಕೇ ಅರ್ಧ ಕಪ್ಪು ಎಂದು ಅವನು ತಿಳಿದಿದ್ದ. ಅವಳ ಮೇಲೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು, ಬರಲಿಲ್ಲ. ಅಳು ಬಂತು. ಕಾರಿನ ಕೆಳಗೇ ಅತ್ತ.

೬

ಮುಗಿಸುವ ಬಗೆ ಒಂದು: ಟೀಚರ್‌ಗೆ ಫೋನಿನಲ್ಲಿ ಎಲ್ಲ ಹೇಳುತ್ತಾನೆ, ಅವರು ಕ್ಷಮಿಸುತ್ತಾರೆ. ಹೇಳಿದ್ದು ಖರೆ. ಅವರು ಅಂದದ್ದು ಇಷ್ಟು: "ನಿಮ್ಮನ್ನ ನಂಬಿ ಆ ಕೂಸುಗೋಳನ್ನ ಕೂಡಿಸಿದ್ನೆಲ್ರಿ."

ಬಗೆ ಎರಡು: ಏನೂ ಹೇಳದೆ ಮತ್ತೆ ಕರಿ ಬಣ್ಣ ಹೊಡೆದು ಕಳಿಸುತ್ತಾನೆ. (ಬರೆಯಲು ಕೂತೆ. ಆ ಹಾಳೆಯೊಳಗೆ ಕಾಲಿಡುವುದಿಲ್ಲ ಎಂದ ಫಕೀರೇಶ.)

ಬಗೆ ಮೂರನ್ನು ನಾನು ಯೋಚಿಸುವ ಮೊದಲೇ ಅವನು ಸ್ಪ್ರಿಂಗ್ ಬಂದಿದ್ದ ರಟ್ಟಿನ ಡಬ್ಬಿ ಹರಿದು, ಅದರ ಮೇಲೆ ಹೆಸರು ಬರೆಯತೊಡಗಿದ್ದ. ನಾಲ್ಕು ವರ್ಷದಲ್ಲಿ ತಾನು ವೆಲ್ಡಿಂಗ್ ಮಾಡಿದ ಗಾಡಿಗಳು. ಇಪ್ಪತ್ತಾದವು. ಮೂವತ್ತಾದವು. ಕೆಲವು ಗಾಡಿಗಳು ನೆನಪಿದ್ದವು, ಅವುಗಳ ಮಂದಿಯ ಹೆಸರು ನೆನಪಿರಲಿಲ್ಲ. ನೆನಪಾದವರಲ್ಲಿ ಮೊದಲನೆಯವನು ಲಕ್ಕಪ್ಪ. ಫೋನ್ ಹಚ್ಚಿದ.

"ಹಾಂ ಫಕೀರೇಶಣ್ಣಾ, ಗಾಡಿ ಹೊಡ್ಯಾಕತ್ತೇನಿ. ಮನ್ಯಾವ್ರೆಲ್ಲಾ ಅದಾರ. ಆಮ್ಯಾಲ ಮಾಡ್ರಿ."

"ಲಕ್ಕಪ್ಪಾ, ನಿಂದ್ರಸೋ! ಮೊದಲ ಗಾಡಿ ನಿಂದ್ರ..."

ಕಟ್ಟಾಯಿತು. ಇಲ್ಲಿಗೆ ಮುಗಿಸುವ ಅಧಿಕಾರ ನನಗಿದೆ, ಮುಗಿಸುವ ಧೈರ್ಯವಿಲ್ಲ. ರಿಂಗಾಗುತ್ತಿದೆ, ಲಕ್ಕಪ್ಪ ಎತ್ತುತ್ತಿಲ್ಲ, ಫಕೀರೇಶ ಮತ್ತೆ ಹಚ್ಚುತ್ತಿದ್ದಾನೆ