ಇನ್ನೊಬ್ಬರ ಅಳತೆಗೆ

ನಾನು ಒಂದು ಕಂಪ್ಯೂಟರ್. ಪರದೆಯಲ್ಲ, ಕೀಲಿಮಣೆಯಲ್ಲ, ಮೇಜಿನ ಕೆಳಗೆ ಧೂಳು ತಿನ್ನುತ್ತ ಕೂತಿರುತ್ತದಲ್ಲ, ಆ ಕರಿ ಡಬ್ಬಿ. ಹೊಗಳಿಕೆಯೆಲ್ಲ ಮೇಲಿನ ಪರದೆಗೆ, ಒದೆತವೆಲ್ಲ ನನಗೆ! ಹುಬ್ಬಳ್ಳಿಯ ಒಂದು ರಿಪೇರಿ ಅಂಗಡಿಯಲ್ಲಿ ನನ್ನ ಜನನ. ಒಬ್ಬರ ಮದರ್‌ಬೋರ್ಡು, ಇನ್ನೊಬ್ಬರ ಹಾರ್ಡ್‌ಡಿಸ್ಕು, ಯಾರೋ ಬಿಟ್ಟುಹೋದ ಫ್ಯಾನು ಸೇರಿಸಿ ನನ್ನನ್ನು ಜೋಡಿಸಿದರು. ಮೊದಲ ಸಲ ಗುಂಡಿ ಒತ್ತಿದಾಗ ಮೈಯೊಳಗೆಲ್ಲ ಜೀವ ಹರಿಯಿತು. ಅಬ್ಬಾ, ಇದ್ದೇನೆ ಎಂದು ತಿಳಿಯುವುದೇ ಎಂಥ ಸೋಜಿಗ!

ಮೊದಲು ಝೆರಾಕ್ಸ್ ಅಂಗಡಿಯೊಂದರಲ್ಲಿ ದುಡಿದೆ. ಆಗ ನನ್ನೊಳಗೆ ವಿಂಡೋಸ್ ಇತ್ತು. ವಯಸ್ಸಾಗಿ ಅದರ ಭಾರಕ್ಕೆ ಏದುಸಿರು ಬಿಡತೊಡಗಿದಾಗ ಅಂಗಡಿಯವರು ನನ್ನನ್ನು ಮಾರಿದರು. ಕೊಂಡವಳು ಶಿವಲೀಲಾ, ಮನೆಯಲ್ಲೇ ಕೂತು ಪ್ರೋಗ್ರಾಂ ಬರೆಯುವವಳು. ವಿಂಡೋಸ್ ಅಳಿಸಿ ಲಿನಕ್ಸ್ ಎಂಬ ಇನ್ನೊಂದು ಕಾರ್ಯವ್ಯವಸ್ಥೆ ತುಂಬಿದಳು, ಮೈ ಹಗುರಾಯಿತು. ಕೆಳಗಿನಿಂದ ನನಗೆ ಕಾಣುವುದು ಕಾಲುಗಳಷ್ಟೇ. ಲೀಲಾಳ ಕಾಲು ಯೋಚನೆ ಹತ್ತಿದರೆ ಕುಣಿಯುತ್ತಿತ್ತು. ಅವಳ ತಾಯಿ ನೀಲಮ್ಮನ ಕಾಲಿಗೆ ಯಾವತ್ತೂ ಅವಸರವಿರಲಿಲ್ಲ.

ಒಂದು ನವರಾತ್ರಿಯಲ್ಲಿ ಮೆಹಂದಿ ಹಚ್ಚಿದ ಕಾಲುಗಳು ಬಂದವು. ಲೀಲಾಳ ಗೆಳತಿ ಮೆಹಜಬೀನ್, ಸೀರೆಗೆ ಕಸೂತಿ ಹಾಕುವವಳು. ವಿದೇಶದ ಗಿರಾಕಿಯೊಬ್ಬರು ಅವಳ ಕೆಲಸಕ್ಕೆ ಕ್ರಿಪ್ಟೋ ನಾಣ್ಯ ಕೊಟ್ಟಿದ್ದರಂತೆ. ಕಣ್ಣಿಗೆ ಕಾಣದ, ಕೈಗೆ ಸಿಗದ ನಾಣ್ಯ! ಎಂಥ ಹುಚ್ಚಾಟ ಎಂದು ನಾನು ಒಳಗೇ ನಕ್ಕೆ. ಅದನ್ನು ಬಳಸಲು ವ್ಯಾಲೆಟ್ ಎಂಬ ಪ್ರೋಗ್ರಾಂ ಬೇಕು. ಅವಳ ಲ್ಯಾಪ್‌ಟಾಪಿನಲ್ಲಿದ್ದ ಹಳೆಯ ವ್ಯಾಲೆಟ್ ನಿಂತುಹೋಗಿತ್ತು. ಹೊಸದು ಲಿನಕ್ಸ್‌ಗೆ ಮಾತ್ರ ಸಿದ್ಧವಾಗಿತ್ತು, ಅವಳದು ವಿಂಡೋಸ್; ಒಂದಕ್ಕೆ ಕಟ್ಟಿದ್ದು ಇನ್ನೊಂದರಲ್ಲಿ ಓಡದು.

"ವಿಜಯದಶಮಿ ಸಂಜಿ ಒಳಗ ಮುಂಗಡ ಕೊಡಲಿಲ್ಲಂದ್ರ ಕಸೂತಿ ಮಷೀನ ಬ್ಯಾರೆಯವರಿಗೆ ಹೋಗತೈತಿ ಲೀಲಾ. ಸೂಜಿ ಹಿಡದು ಹಿಡದು ನನ್ನ ಬೆರಳ ಮರಗಟ್ಟ್ಯಾವ," ಎಂದಳು. "ನನ್ನ ಗುಪ್ತ ಕೀಲಿ ಕೊಡ್ತೀನಿ, ನಿನ್ನ ಕಂಪ್ಯೂಟರ್‌ದಾಗನ ತಗದು ಕೊಡ."

"ಹುಚ್ಚಿ! ಆ ಕೀಲಿ ಇದ್ದವರ ಕೈಯಾಗ ನಿನ್ನ ರೊಕ್ಕೆಲ್ಲಾ. ಯಾರಿಗೂ ಕೊಡಬಾರದು, ನನಗೂ," ಎಂದಳು ಲೀಲಾ. "ಪ್ರೋಗ್ರಾಮನ್ನ ನಿನ್ನ ಮನಿಗೆ ಕಳಸ್ತೀನಿ."

ನನಗೆ ಬಂದ ಕೆಲಸ ಕೇಳಿ ದಂಗಾದೆ. ಲಿನಕ್ಸಿನಲ್ಲಿ ಉಸಿರಾಡುವ ನಾನು ವಿಂಡೋಸ್‌ಗೆ ಪ್ರೋಗ್ರಾಂ ಕಟ್ಟಬೇಕು! ಮೊದಲ ಪ್ರಯತ್ನ ಅರ್ಧದಲ್ಲೇ ಕೈಕೊಟ್ಟಿತು. ನನ್ನೊಳಗಿದ್ದ ಲಿನಕ್ಸ್ ಪ್ರೋಗ್ರಾಮಿನ ಬಿಡಿಭಾಗಗಳನ್ನೇ ಅದಕ್ಕೂ ಜೋಡಿಸಲು ಹೋಗಿದ್ದೆವು.

ಲೀಲಾ ಹಣೆ ಚಚ್ಚಿಕೊಂಡದ್ದು ಕೆಳಗೂ ಕೇಳಿಸಿತು. "ನಮ್ಮ ಮೈಗೆ ಹೊಲದು ಆಕಿಗೆ ತೊಡಸಾಕ ಹೊಂಟಿದ್ವಿ ನೋಡ. ಅಳತಿ ಕುಪ್ಪಸ ಬ್ಯಾಡೇನ?"

ಆಮೇಲೆ ಪ್ರತಿಯೊಂದು ಬಿಡಿಭಾಗವನ್ನೂ ವಿಂಡೋಸಿನ ಅಳತೆಗೆ ಹೊಸದಾಗಿ ಕಟ್ಟುವ ಕೆಲಸ ಹಚ್ಚಿದಳು. ಮಹಾನವಮಿಯ ಬೆಳಿಗ್ಗೆಯೂ ನನ್ನ ಫ್ಯಾನು ಭೋರಿಡುತ್ತಲೇ ಇತ್ತು. ಲೀಲಾ ಹೂ ತರಲು ಹೊರಗೆ ಹೋದಳು. ನೀಲಮ್ಮ ಆರತಿ ತಟ್ಟೆ ಹಿಡಿದು ಬಂದು ನನಗೆ ವಿಭೂತಿ, ಕುಂಕುಮ ಹಚ್ಚಿ, ಇದ್ದೊಂದು ಚೆಂಡುಹೂವಿನ ಹಾರ ಹಾಕಿದಳು. ಪೂಜೆಯಾದ ಆಯುಧ ಆ ದಿನ ದುಡಿಯಬಾರದು ಎಂಬುದು ಆ ಮನೆಯ ಪದ್ಧತಿ.

"ಪಾಪ, ವರ್ಷಾನಗಟ್ಲೆ ದುಡೀತಿ. ಇವತ್ತರ ಸುಮ್ನ ಕುಂದರು," ಎಂದು ಗೋಡೆಯ ಸ್ವಿಚ್ಚು ಆರಿಸಿಯೇಬಿಟ್ಟಳು!

ಮತ್ತೆ ಎಚ್ಚರವಾದಾಗ ಲೀಲಾ ಅಳುತ್ತ ನನ್ನೆದುರು ಕುಕ್ಕರಗಾಲಲ್ಲಿ ಕೂತಿದ್ದಳು. ನೀಲಮ್ಮ ಬೈಯುತ್ತಿದ್ದಳು. "ಪೂಜಿ ಮಾಡಿದ್ದನ್ನ ಮತ್ತ ಯಾಕ ಹಚ್ಚಿದಿ?"

"ಅವ್ವಾ, ಇವತ್ತ ಮುಗೀಲಿಲ್ಲಂದ್ರ ನಾಳೆ ಮೆಹಜಬೀನ್‌ಗ ಮಷೀನ ಸಿಗೂದಿಲ್ಲ."

ನೀಲಮ್ಮನ ಕಾಲುಗಳು ನನ್ನ ಹತ್ತಿರ ಬಂದವು.

"ಅದೂ ಆಯುಧನ ಅಲ್ಲೇನ?" ಎಂದಳು. "ಒಂದು ಆಯುಧ ಮನಿಗೆ ಬರ್ಲಿ ಅಂತ ಇನ್ನೊಂದು ದುಡದ್ರ ದೇವಿ ಏನ ಸಿಟ್ಟಾಗೂದಿಲ್ಲ. ಹಚ್ಚ ಯವ್ವಾ."

ಫ್ಯಾನಿಗೆ ಅಡ್ಡಬಂದ ಹಾರವನ್ನು ತಾನೇ ತೆಗೆದಳು. ನನ್ನ ಮೈ ಕಾದದ್ದು ಕಂಡು ಪಕ್ಕದಲ್ಲಿ ಕೂತು ಬೀಸಣಿಕೆಯಿಂದ ಗಾಳಿ ಹಾಕಿದಳು. ಪುಣ್ಯಕ್ಕೆ, ಕಟ್ಟಿ ಮುಗಿದ ಭಾಗಗಳು ಇದ್ದಲ್ಲೇ ಇದ್ದವು. ಬಿಟ್ಟಲ್ಲಿಂದ ಮುಂದುವರಿದು, ಮಧ್ಯಾಹ್ನದ ಹೋಳಿಗೆ ಊಟದ ಹೊತ್ತಿಗೆ ಮುಗಿಸಿದೆ.

ಲೀಲಾ ಅದನ್ನು ನನ್ನಲ್ಲೇ ಓಡಿಸಿ ನೋಡಿದಳು. ನಾನೇ ಕಟ್ಟಿದ್ದು, ನನಗೇ ತಲೆಬುಡ ತಿಳಿಯಲಿಲ್ಲ! ಆಗದು ಎಂದೆ. ಲೀಲಾ ನಕ್ಕುಬಿಟ್ಟಳು.

"ಹಂಗಂದ್ರ ಆಕಿ ಅಳತಿಗೆ ಸರಿಯಾಗಿ ಹೊಲದೇವಿ."

ಆ ಮಾತಿಗೆ ನನ್ನ ಮೈ ಜುಮ್ಮೆಂದಿತು. ನನ್ನಿಂದ ಹುಟ್ಟಿದ್ದು, ನಾನು ಎಂದೂ ಕಾಣದ ಮನೆಯಲ್ಲಿ ಕಣ್ಣು ಬಿಡಲಿತ್ತು. ಪೆನ್‌ಡ್ರೈವಿನಲ್ಲಿ ಅದು ಹೊರಟುಹೋಯಿತು.

ಮರುದಿನ ಸಂಜೆ ಮೆಹಂದಿಯ ಕಾಲುಗಳು ಓಡಿಬಂದವು, ಒಂದರಲ್ಲಿ ಚಪ್ಪಲಿ ಇಲ್ಲ. "ವ್ಯಾಲೆಟ್ ತೆರೀತು ಲೀಲಾ! ಮುಂಗಡ ಕೊಟ್ಟೆ! ಮಷೀನ ನಮ್ಮ ಮನಿಗೆ ಬಂತು!" ಮೆಹಜಬೀನ್ ನೀಲಮ್ಮನ ಕೈಗೆ ಬನ್ನಿ ಎಲೆ ಇಟ್ಟಳು. "ಬಂಗಾರ ತಗೋರಿ ಅಮ್ಮಾ, ಬಂಗಾರದಾಂಗ ಇರೂಣು." ಆಮೇಲೆ ಬಗ್ಗಿ ಮೇಜಿನ ಕೆಳಗೆ ಇಣುಕಿದಳು. ಅವಳ ಮುಖವನ್ನು ನಾನು ಮೊದಲ ಸಲ ನೋಡಿದೆ. ಕಣ್ಣುಗಳು ತುಂಬಿದ್ದವು. ನನ್ನ ತಲೆಯ ಮೇಲೂ ಒಂದು ಎಲೆ ಇಟ್ಟಳು.

ಈಗ ನನಗೆ ಮುಪ್ಪು. ಫ್ಯಾನು ಕೆಮ್ಮುತ್ತದೆ, ಮೆಟ್ಟಿಲ ಕೆಳಗೆ ಕೂರಿಸಿದ್ದಾರೆ. ಗುಜರಿಯವನು ಬಂದಾಗಲೆಲ್ಲ ನೀಲಮ್ಮ "ಅದನ್ನ ಮುಟ್ಟಬ್ಯಾಡಪಾ" ಎನ್ನುತ್ತಾಳೆ. ನಾನು ಕಟ್ಟಿದ ಆ ವ್ಯಾಲೆಟ್ ತೆರೆದದ್ದನ್ನು ಇವತ್ತಿಗೂ ಕಂಡಿಲ್ಲ. ಕಾಣದ ನಾಣ್ಯಕ್ಕೆ ನಕ್ಕಿದ್ದೆನಲ್ಲ, ಎಲೆಯನ್ನು ಬಂಗಾರವೆಂದು ಕೈಗಿಡುವ ಊರಿನಲ್ಲೇ ಹುಟ್ಟಿ! ಪ್ರತಿ ವಿಜಯದಶಮಿಗೆ ಮೆಹಜಬೀನ್ ಬರುತ್ತಾಳೆ, ಮೆಟ್ಟಿಲ ಕೆಳಗೆ ಬಗ್ಗುತ್ತಾಳೆ, ಮೊದಲ ಎಲೆ ನನಗೇ ಇಡುತ್ತಾಳೆ.